ಅಂಗೈಯೊಳಗಿನ ಒಣ ಎಲೆ

"ಈ ಕೈಗಳಿಗೆ ಸುಮ್ಮನಿರೋಕೆ ಅಂಥಾ ಕಷ್ಟ ಏನು?"

ಕೊನೆಯ ಗಂಟೆ ಹೊಡೆದು ಮಕ್ಕಳೆಲ್ಲ ಹೋಗಿಯಾಗಿತ್ತು. ಖಾಲಿ ತರಗತಿಯಲ್ಲಿ ನಿಂತು ಪದ್ಯದ ಟೀಚರು ಕೇಳಿದ ಈ ಮಾತಿಗೆ ಉತ್ತರ ಹೇಳಲು ಬೆಂಚುಗಳಲ್ಲದೆ ಇನ್ನಾರೂ ಇರಲಿಲ್ಲ. ಅವರ ಕೈಯಲ್ಲಿ ಒಂದು ಹಾಳೆ. ಬೆಳಿಗ್ಗೆ ಅದನ್ನು ಟೈಲರಮ್ಮನ ಮಗಳಿಂದ ಕಿತ್ತುಕೊಂಡಿದ್ದರು. ಹಾಳೆಯ ತುಂಬ ಸುರುಳಿಗಳು, ಚುಕ್ಕಿಗಳು, ಬಾಲ ಎಳೆದ ಕೊಂಡಿಗಳು. ಒಂದರ ಬಾಲ ಇನ್ನೊಂದರ ತಲೆಗೆ ಸಿಕ್ಕಿಕೊಂಡು, ಅಂಚಿನಿಂದ ಅಂಚಿಗೆ ಹರಿದಾಡಿ, ಕೊನೆಗೆ ಜಾಗ ಸಾಲದೆ ಮಡಿಕೆಯೊಳಗೆ ನುಗ್ಗಿದ್ದವು. ಚಿತ್ರವೆಂದರೆ ಚಿತ್ರವಲ್ಲ, ಅಕ್ಷರವೆಂದರೆ ಅಕ್ಷರವಲ್ಲ. ಟೀಚರು ಹಾಳೆಯನ್ನು ತಲೆಕೆಳಗು ಮಾಡಿ ನೋಡಿದರು. ತಲೆಕೆಳಗಾದರೂ ಅದು ಹಾಗೇ ಇತ್ತು.

ಅವರು ಬೆಳೆದದ್ದು ಪದ್ಯ ಕೇಳುವ ಮನೆಯಲ್ಲಿ. ಸಂಜೆ ದೀಪ ಹಚ್ಚಿದ ಮೇಲೆ ಅಜ್ಜ ಚಾಪೆಯ ಮೇಲೆ ಕೂತು, ಪುಸ್ತಕ ಮುಟ್ಟದೆ, ಪದ್ಯದ ಹಿಂದೆ ಪದ್ಯ ಹೇಳುತ್ತಿದ್ದರು. ಮೊಮ್ಮಕ್ಕಳು ಎದುರಿಗೆ ಸಾಲಾಗಿ ಕೂರಬೇಕು. ಕಣ್ಣು ಮುಚ್ಚಬೇಕು. ಅಂಗೈ ಜೋಡಿಸಬೇಕು. ಜೋಡಿಸಿದ ಅಂಗೈಗಳ ನಡುವೆ ಅಜ್ಜ ಒಂದೊಂದು ಒಣ ಎಲೆ ಇಡುತ್ತಿದ್ದರು. ಕೈ ಅಲುಗಿದರೆ ಎಲೆ ಚರಕ್ ಎನ್ನುತ್ತದೆ; ಯಾರ ಎಲೆ ಸದ್ದು ಮಾಡಿತೋ ಅವರ ಕಿವಿ ಪದ್ಯದ ಮೇಲಿಲ್ಲವೆಂದು ಲೆಕ್ಕ. ಟೀಚರ ಕೈಯ ಎಲೆ ಒಂದು ದಿನವೂ ಸದ್ದು ಮಾಡಿದ್ದಿಲ್ಲ. ಪದ್ಯ ಮುಗಿದ ಮೇಲೂ ಅವರು ಸ್ವಲ್ಪ ಹೊತ್ತು ಹಾಗೇ ಕೂತಿರುತ್ತಿದ್ದರು, ಎದ್ದರೆ ಕೇಳಿದ್ದು ಚೆಲ್ಲಿಹೋದೀತು ಎನ್ನುವಂತೆ. ಇವತ್ತಿಗೂ ಅವರ ಪಾಲಿಗೆ ಕೇಳುವುದೆಂದರೆ ಪೂಜೆ. ಕೈಯಾಡಿಸುತ್ತ ಪದ್ಯ ಕೇಳುವುದೆಂದರೆ ಬಾಯಲ್ಲಿ ತುತ್ತಿಟ್ಟುಕೊಂಡು ಪ್ರಾರ್ಥನೆಗೆ ನಿಂತ ಹಾಗೆ.

ಪಾಠದಲ್ಲೂ ಅವರು ಕಣ್ಣು ಮುಚ್ಚಿಯೇ ಪದ್ಯ ಹೇಳುತ್ತಿದ್ದರು. ಅದಕ್ಕೇ ಮಕ್ಕಳು ಅವರಿಗೆ 'ಕಣ್ಣಾಮುಚ್ಚಾಲೆ ಟೀಚರ್' ಎಂದು ಹೆಸರಿಟ್ಟಿದ್ದರು. ಅದು ಅವರಿಗೆ ಗೊತ್ತಿತ್ತು. ಬೇಸರವೇನೂ ಇರಲಿಲ್ಲ.

ಆ ಬೆಳಿಗ್ಗೆ ಏಳನೇ ತರಗತಿಗೆ ದೋಣಿಗನ ಪದ್ಯ ಶುರು ಮಾಡಿದ್ದರು. ಅಜ್ಜನ ಬಾಯಿಂದ ಬಂದ ಪದ್ಯ.

ತೆರೆಯ ಮೇಲಣ ಬೆಳಕ ನೋಡುತ
ಕರೆಯ ಸೇರಲು ಹುಟ್ಟನೆತ್ತಿದ
ಮರಳಿ ಬಾರದ ಗಾಳಿಯನು ಕೇಳಿದನು ದೋಣಿಗನು...

ಅಷ್ಟರಲ್ಲಿ ಕಿಟಕಿಯ ಕಡೆಯಿಂದ ಚರಚರ ಸದ್ದು ಬಂತು. ಕಾಗದದ ಮೇಲೆ ಪೆನ್ಸಿಲು. ಟೀಚರು ಇನ್ನೊಂದು ಸಾಲು ಹೇಳಿದರು. ಸದ್ದು ನಿಲ್ಲಲಿಲ್ಲ, ಅವರ ದನಿ ಏರಿದಾಗ ಏರಿತು, ಇಳಿದಾಗ ಇಳಿಯಿತು. ಯಾರೋ ಹಿಂದೆ ನಿಂತು ಅಣಕಿಸುತ್ತಿರುವಂತೆ ಅನಿಸಿತು. ಪದ್ಯ ನಡುವೆಯೇ ನಿಂತಿತು. ಹಾಗೆ ಎಂದೂ ನಿಲ್ಲಿಸಿದವರಲ್ಲ ಅವರು.

ಕಣ್ಣು ತೆರೆದು ಸೀದಾ ಆ ಹುಡುಗಿಯ ಬೆಂಚಿಗೆ ಹೋದರು. ಮಾತು ಕಡಿಮೆ ಆ ಹುಡುಗಿಗೆ. ಹಾಜರಿ ಕೂಗಿದರೂ ಅರ್ಧ ಕೈ ಎತ್ತುವವಳು. ಆದರೆ ಹೋದ ವರ್ಷ ಒಮ್ಮೆ ಇಡೀ ಪದ್ಯವನ್ನು ಪುಸ್ತಕವಿಲ್ಲದೆ ಹೇಳಿ ತರಗತಿಯನ್ನೇ ಬೆರಗಾಗಿಸಿದ್ದಳು. ಅವತ್ತಿನಿಂದ ಟೀಚರ ಒಳಗೆ ಒಂದು ಆಸೆ ಮೊಳಕೆಯೊಡೆದಿತ್ತು. ಅಜ್ಜನ ಪದ್ಯಗಳಲ್ಲಿ ಎಷ್ಟೋ ಯಾವ ಪುಸ್ತಕದಲ್ಲೂ ಇಲ್ಲ. ತನ್ನ ನಂತರ ಇವು ಯಾರ ಬಾಯಲ್ಲಾದರೂ ಉಳಿಯುವುದಿದ್ದರೆ ಇವಳ ಬಾಯಲ್ಲಿ ಎಂದುಕೊಂಡಿದ್ದರು. ಅಂಥವಳೇ ಹೀಗೆ ಮಾಡಿದಳೆಂದು ಅವರಿಗೆ ಹೆಚ್ಚು ಉರಿಯಿತು.

ಹಾಳೆ ಕಿತ್ತುಕೊಂಡು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದರು.

"ನೋಡ್ರಪ್ಪಾ, ನೋಡಿ. ನಾನಿಲ್ಲಿ ಗಂಟಲು ಹರ್ಕೊಂಡು ಪದ್ಯ ಹೇಳ್ತಿದ್ರೆ ನಮ್ಮ ಕ್ಲಾಸಲ್ಲಿ ಒಂದು ಇರುವೆ ಗೂಡು ಕಟ್ತಾ ಇದೆ."

ತರಗತಿ ಗೊಳ್ಳೆಂದು ನಕ್ಕಿತು. ಹಿಂದಿನ ಬೆಂಚಿನಿಂದ ಯಾರೋ "ಏ ಇರುವೆ!" ಎಂದರು. ಆ ಹೆಸರು ಅಲ್ಲೇ ಅಂಟಿತು. ಹುಡುಗಿ ಪೆನ್ಸಿಲನ್ನು ಮುಷ್ಟಿಯಲ್ಲಿ ಹಿಡಿದು ತಲೆ ತಗ್ಗಿಸಿ ನಿಂತಿದ್ದಳು. ಕಿವಿಗಳು ಮಾತ್ರ ಕೆಂಪಾಗಿದ್ದವು.

ಈಗ ಸಂಜೆ, ಖಾಲಿ ತರಗತಿಯಿಂದ ಟೀಚರು ಆ ಹಾಳೆ ಹಿಡಿದುಕೊಂಡೇ ಸ್ಟಾಫ್ ರೂಮಿಗೆ ಬಂದರು. ಲೆಕ್ಕದ ಮೇಷ್ಟ್ರು ಚೀಲಕ್ಕೆ ಊಟದ ಡಬ್ಬಿ ತುರುಕುತ್ತಿದ್ದರು. ಹಾಳೆ ನೋಡಿ ಹುಬ್ಬು ಹಾರಿಸಿದರು.

"ಓಹೋ, ನಿಮ್ಮ ಕ್ಲಾಸಲ್ಲೂ ಶುರುವಾಯ್ತಾ? ನನ್ನ ಹತ್ರ ಮದ್ದಿದೆ. ಪೆನ್ಸಿಲ್ ಇಸ್ಕೊಂಡು ತುದಿ ಟಕ್ ಅಂತ ಮುರಿದು ವಾಪಸ್ ಕೊಡ್ತೀನಿ. ಮೆಂಡರ್ ಹುಡುಕೋ ಹೊತ್ತಿಗೆ ಗಂಟೆ ಹೊಡೆದಿರುತ್ತೆ."

"ಪೆನ್ನಲ್ಲಿ ಗೀಚಿದ್ರೆ?" ಎಂದರು ವಿಜ್ಞಾನದ ಟೀಚರು.

"ಪೆನ್ನಾದ್ರೆ ಬರಿಸೋದು. 'ನಾನು ಗೀಚುವುದಿಲ್ಲ' ಅಂತ ಪುಟಗಟ್ಟಲೆ."

"ಗೀಚಬೇಡ ಅನ್ನೋಕೆ ಪುಟಗಟ್ಟಲೆ ಗೀಚಿಸ್ತೀರಾ? ಸರಿಹೋಯ್ತು ನಿಮ್ಮ ಲೆಕ್ಕ!"

ಎಲ್ಲರೂ ನಕ್ಕರು. ಡ್ರಾಯಿಂಗ್ ಮೇಷ್ಟ್ರು ಮಾತ್ರ ಹಾಳೆಯನ್ನು ಬೆಳಕಿಗೆ ಹಿಡಿದು ನೋಡುತ್ತ, "ಇದು ಆ ಟೈಲರಮ್ಮನ ಮಗಳದ್ದಾ? ವಿಚಿತ್ರ ರೀ," ಎಂದರು. "ನನ್ನ ಪೀರಿಯಡ್ಡಲ್ಲಿ ಆ ಹುಡುಗಿ ಒಂದು ಗೆರೆ ಎಳೆಯಲ್ಲ. ಹೂಜಿ ಬರಿ ಅಂದ್ರೆ ಹೂಜಿ ನೋಡ್ಕೊಂಡು ಕೂತಿರ್ತಾಳೆ. ಬಯ್ದೂ ಬಯ್ದೂ ನನಗೇ ಸಾಕಾಗಿದೆ."

"ಸೊಕ್ಕು, ಇನ್ನೇನು," ಎಂದರು ಲೆಕ್ಕದ ಮೇಷ್ಟ್ರು.

ಪದ್ಯದ ಟೀಚರು ಹಾಳೆಯನ್ನು ವಾಪಸ್ ತೆಗೆದುಕೊಂಡರು. ಪೆನ್ಸಿಲು ಮುರಿಯುವುದು, ಪುಟ ತುಂಬಿಸುವುದು ಅವರಿಗೆ ಒರಟೆನಿಸಿತು. ಅವರಿಗೆ ಅಜ್ಜನ ದಾರಿ ಗೊತ್ತಿತ್ತು.

ಮರುದಿನ ಶಾಲೆಯ ಅಂಗಳದ ಮರದಡಿಯಿಂದ ಒಂದು ಒಣ ಎಲೆ ಆರಿಸಿಕೊಂಡು ತರಗತಿಗೆ ಬಂದರು. ಹುಡುಗಿಯ ಅಂಗೈಗಳನ್ನು ತಾವೇ ಜೋಡಿಸಿ, ನಡುವೆ ಎಲೆ ಇಟ್ಟು, ಮೃದುವಾಗಿಯೇ ಹೇಳಿದರು.

"ಇದು ಶಿಕ್ಷೆ ಅಲ್ಲಮ್ಮ. ಕೇಳೋದು ಹೇಗೆ ಅಂತ ಕಲಿಯೋದು. ಎಲೆ ಸದ್ದು ಮಾಡಬಾರದು, ಅಷ್ಟೇ."

ಶಿಕ್ಷೆ ಅಲ್ಲವೆಂದು ಅವರೇನೋ ನಿಜವಾಗಿ ನಂಬಿದ್ದರು. ತರಗತಿ ನಂಬಲಿಲ್ಲ. ಎಲೆ ಚರಕ್ ಎಂದಾಗಲೆಲ್ಲ ಮಕ್ಕಳು ಬಾಯಿ ಮುಚ್ಚಿಕೊಂಡು ಕಿಸಕ್ಕೆನ್ನುತ್ತಿದ್ದರು. "ಇರುವೆ ಹೊರಟಿತು ಟೀಚರ್!" ಎಂದು ಒಬ್ಬ ವರದಿ ಒಪ್ಪಿಸುತ್ತಿದ್ದ. ದಿನ ಕಳೆದಂತೆ ಸದ್ದು ಕಡಿಮೆಯಾಯಿತು. ಆಮೇಲೆ ನಿಂತೇಹೋಯಿತು. ಹುಡುಗಿ ಕಲ್ಲಿನಂತೆ ಕೂರತೊಡಗಿದಳು. ಟೀಚರು ಪದ್ಯ ಮುಗಿಸಿ ಕಣ್ಣು ತೆರೆದಾಗ ಅವಳ ಅಂಗೈಯ ಎಲೆ ಮುರಿಯದೆ ಇರುತ್ತಿತ್ತು. ಅದನ್ನು ನೋಡಿ ಅವರಿಗೆ ಕಣ್ಣು ತುಂಬಿ ಬರುತ್ತಿತ್ತು. ಅಜ್ಜ ಎಲ್ಲಿಂದಲೋ ನೋಡಿ ತಲೆದೂಗುತ್ತಿದ್ದಾರೆ ಎನಿಸುತ್ತಿತ್ತು.

ಹೆತ್ತವರನ್ನು ಕರೆದು ಮಾಡುವ ಶಾಲೆಯ ಸಭೆಯಲ್ಲಿ ದೋಣಿಗನ ಪದ್ಯ ಹೇಳಲು ಅವಳನ್ನೇ ಆರಿಸಿದರು. ಅಭ್ಯಾಸದ ಹೊತ್ತಿನಲ್ಲಿ ಹುಡುಗಿ ಮತ್ತೆ ಮತ್ತೆ ತಡವರಿಸಿದಳು.

"ಟೀಚರ್, ಬೇರೆ ಯಾರಾದ್ರೂ ಹೇಳ್ಲಿ."

"ಯಾಕೆ? ನಿನಗಿಂತ ಚೆನ್ನಾಗಿ ಯಾರು ಹೇಳ್ತಾರೆ?"

"ನೆನಪಿಗೆ ಬರ್ತಿಲ್ಲ."

"ಕೈ ಕಟ್ಟಿ ನಿಂತ್ಕೋ. ಕಣ್ಣು ಮುಚ್ಚು. ತಾನಾಗಿ ಬರುತ್ತೆ. ನನಗೆ ಗೊತ್ತಿಲ್ವಾ?"

ಸಭೆಯ ದಿನ ಸಭಾಂಗಣ ಕಿಕ್ಕಿರಿದಿತ್ತು. ಮುಂದಿನ ಸಾಲುಗಳಲ್ಲೊಂದರಲ್ಲಿ ಟೈಲರಮ್ಮ ಕೂತಿದ್ದರು. ಅಂಗಡಿಯಿಂದ ನೇರ ಬಂದಿರಬೇಕು, ಅಳತೆಯ ಟೇಪು ಇನ್ನೂ ಕೊರಳಲ್ಲೇ ಇತ್ತು. ಪಕ್ಕದವರಿಗೆ ಏನೋ ಹೇಳಿ ವೇದಿಕೆಯತ್ತ ಬೆರಳು ತೋರಿಸಿದರು. ನನ್ನ ಮಗಳು ಎಂದಿರಬೇಕು.

ಹುಡುಗಿ ಬಂದು ಕೈ ಕಟ್ಟಿ, ಕಣ್ಣು ಮುಚ್ಚಿ ನಿಂತಳು. ಮೊದಲ ಮೂರು ಸಾಲು ಸರಿಯಾಗಿಯೇ ಬಂದವು.

ದೊರೆಯದಾದರೆ ದಡವು ನನ್ನಯ
ಕೊರಳ...

ನಿಂತಿತು. ಸಭೆ ಕಾಯಿತು. ಪರದೆಯ ಪಕ್ಕದಿಂದ ಟೀಚರು, "ಕೊರಳ ಕೂಗನು," ಎಂದು ಪಿಸುಗುಟ್ಟಿದರು. ಹುಡುಗಿ "ಕೊರಳ ಕೂಗನು," ಎಂದಳು, ಮತ್ತೆ ನಿಂತಳು. ಕಣ್ಣು ತೆರೆದು ತನ್ನ ಕೈಗಳನ್ನೇ ನೋಡಿಕೊಂಡಳು. ಬೆರಳುಗಳು ಬಿಚ್ಚಿಕೊಂಡು ಗಾಳಿಯಲ್ಲಿ ಒಂದು ಕೊಂಡಿ ಬರೆಯಹೊರಟವು.

"ಕೈ!" ಎಂದರು ಟೀಚರು.

ಅದು ಪಿಸುಮಾತಾಗಿರಲಿಲ್ಲ. ಸಭಾಂಗಣಕ್ಕೆಲ್ಲ ಕೇಳಿಸಿತು. ಬೆರಳುಗಳು ಬೆಂಕಿ ತಾಗಿದಂತೆ ಮುದುಡಿದವು. ಮಕ್ಕಳ ಸಾಲಿನಿಂದ "ಇರುವೆ, ಇರುವೆ" ಎಂಬ ಗುಸುಗುಸು ಎದ್ದು ನಗುವಾಯಿತು. ಹುಡುಗಿ ಅಳಲಿಲ್ಲ. ಮೆಟ್ಟಿಲಿಳಿದು, ಸಾಲುಗಳ ನಡುವೆ ನಡೆದು, ಅಮ್ಮನ ಹತ್ತಿರ ಕೂರದೆ, ಬಾಗಿಲು ದಾಟಿ ಹೊರಗೆ ಹೋದಳು. ಟೈಲರಮ್ಮ ಎದ್ದು ಅವಳ ಹಿಂದೆ ಹೋದರು. ಹೋಗುವ ಮುನ್ನ ಒಮ್ಮೆ ತಿರುಗಿ ಪರದೆಯ ಕಡೆ ನೋಡಿದರು.

ಟೀಚರು ಮನೆಗೆ ಬಂದಾಗ ಅವರ ಅಕ್ಕ ಮೇಜಿನ ಮುಂದೆ ಬಟಾಣಿ ಬಿಡಿಸುತ್ತ ಕೂತಿದ್ದರು. ಇಬ್ಬರೇ ಇರುವ ಮನೆ ಅದು. ಅಕ್ಕನ ಬಾಯಿಗೆ ಬೀಗವಿಲ್ಲ, ತಂಗಿಯ ಬಾಯಿಗೆ ಹಾಕಿದ ಬೀಗಕ್ಕೆ ಕೀಲಿಕೈಯಿಲ್ಲ ಎಂದು ಅಮ್ಮ ಹೇಳುತ್ತಿದ್ದರು.

"ಏನೇ, ಸಭೇಲಿ ಏನಾಯ್ತು? ಮುಖ ಯಾಕೆ ಹಿಂಗೆ ಬಾಡಿದೆ?"

ಟೀಚರು ಎಲ್ಲ ಹೇಳಿದರು. ತಮ್ಮ ಪರವಾಗಿಯೇ ಹೇಳಿದರು. ಹುಡುಗಿ ಗೀಚುತ್ತಿದ್ದದ್ದು, ತಾವು ಅಜ್ಜನ ಹಾಗೆ ಎಲೆ ಇಟ್ಟದ್ದು, ಎಲ್ಲ ಸರಿಹೋಯಿತು ಎನ್ನುವಾಗ ಅವಳು ಹೀಗೆ ಕೈಕೊಟ್ಟದ್ದು.

"ತಡಿ, ತಡಿ. ಎಲೆನಾ? ಅಜ್ಜ ಇಡ್ತಿದ್ರಲ್ಲ, ಆ ಎಲೆ?"

"ಮತ್ಯಾವುದು?"

ಅಕ್ಕನಿಗೆ ನಗು ತಡೆಯಲಾಗಲಿಲ್ಲ. ಕೈಯಲ್ಲಿದ್ದ ಬಟಾಣಿ ನೆಲದ ಮೇಲೆಲ್ಲ ಉರುಳಿದವು.

"ಅಯ್ಯೋ ಪೆದ್ದಿ! ಆ ಎಲೆಗೆ ನಾವೆಲ್ಲ ಉಗುಳು ಹಚ್ಚಿ ಮೆತ್ತಗೆ ಮಾಡ್ಕೋತಿದ್ವಿ ಕಣೇ. ಮೆತ್ತಗಾದ್ರೆ ಸದ್ದು ಮಾಡಲ್ವಲ್ಲ. ಅಣ್ಣ ಅಂತೂ ಕಾಲಡೀಲಿ ಸೇರಿಸಿಬಿಟ್ಟು ಬರೀ ಕೈ ಜೋಡಿಸ್ಕೊಂಡು ಕೂತಿರ್ತಿದ್ದ, ದೊಡ್ಡ ಸನ್ಯಾಸಿ ಥರ. ನಿಜವಾಗ್ಲೂ ಕಣ್ಣು ಮುಚ್ತಿದ್ದೋಳು ನೀನೊಬ್ಬಳೇ."

"ಅಜ್ಜಂಗೆ ಮೋಸ ಮಾಡ್ತಿದ್ರಾ?"

"ಅಜ್ಜ ಏನು ಕಮ್ಮಿನಾ? ಅವರ ಕೈ ಒಂದು ಗಳಿಗೆ ಸುಮ್ಮನಿರ್ತಿತ್ತಾ? ಪದ್ಯ ಶುರುವಾದ್ರೆ ಸಾಕು, ಚಾಪೆಯಿಂದ ಕಡ್ಡಿ ಎಳೆಯೋದು, ಹೆಣೆಯೋದು, ಬಿಚ್ಚೋದು. ಅಜ್ಜಿ ಬಯ್ತಿದ್ರಲ್ಲ, 'ಸಾಕು ನಿಲ್ಸಿ, ಇನ್ನು ನಾಲ್ಕು ಪದ್ಯ ಹೇಳಿದ್ರೆ ಬರೀ ನೆಲದ ಮೇಲೆ ಮಲಗ್ಬೇಕಾಗುತ್ತೆ' ಅಂತ."

ಟೀಚರಿಗೆ ಆ ಬೈಗುಳ ನೆನಪಿತ್ತು. ಹೊತ್ತಾಯಿತೆಂದು ಅಜ್ಜಿ ಗೊಣಗುತ್ತಿದ್ದಾರೆ ಎಂದೇ ಅವರು ತಿಳಿದಿದ್ದರು. ಅಜ್ಜ ಕೂರುವ ಕಡೆ ಚಾಪೆಯ ಅಂಚು ಸದಾ ಕಿತ್ತುಹೋಗಿರುತ್ತಿದ್ದದ್ದೂ ನೆನಪಿಗೆ ಬಂತು. ಇಲಿ ಎಂದುಕೊಂಡಿದ್ದರು.

"ಅಷ್ಟೇ ಅಲ್ಲ," ಎಂದರು ಅಕ್ಕ, ಮೇಜಿನಡಿ ಬಗ್ಗಿ ಬಟಾಣಿ ಆರಿಸುತ್ತ. "ಒಂದ್ಸಲ ಬಿದ್ದು ಕೈಗೆ ಪಟ್ಟಿ ಕಟ್ಟಿದ್ರು ನೋಡು. ಪಟ್ಟಿ ಬಿಚ್ಚೋವರೆಗೂ ಮನೇಲಿ ಪದ್ಯನೇ ಇರ್ಲಿಲ್ಲ. 'ಕೈ ಕಟ್ಟಿದ್ರೆ ನನ್ನ ಬಾಯಿ ಕಟ್ಟಿದ ಹಾಗೆ' ಅಂತ ಅಜ್ಜಿ ಹತ್ರ ಹೇಳ್ತಿದ್ರು. ನಾನೇ ಕೇಳಿದೀನಿ."

"ಮತ್ತೆ... ನಮಗ್ಯಾಕೆ ಎಲೆ ಇಡ್ತಿದ್ರು?"

"ಹೊಡೆದಾಡ್ದೆ ಕೂರಲಿ ಅಂತ! ಇನ್ಯಾಕೆ? ಕೈ ಖಾಲಿ ಇದ್ರೆ ಅಣ್ಣ ನನ್ನ ಜಡೆ ಎಳೀತಿದ್ದ, ನಾನು ಅವನನ್ನ ಚಿವುಟ್ತಿದ್ದೆ. ಅದಕ್ಕೊಂದು ಉಪಾಯ, ಅಷ್ಟೇ. ನೀನು ಅದನ್ನ ವ್ರತ ಮಾಡ್ಕೊಂಡ್ರೆ ಅಜ್ಜ ಏನು ಮಾಡ್ತಾರೆ?"

ಅಕ್ಕ ಮೇಜಿನಡಿಯಿಂದ ಎದ್ದಾಗ ತಂಗಿ ಅಲ್ಲಿರಲಿಲ್ಲ. ಒಳಕೋಣೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಕೂತಿದ್ದರು.

ನಾಚಿಕೆ ಎನ್ನುವುದು ಅವರಿಗೆ ಮೈಯಲ್ಲೇ ತಿಳಿಯಿತು. ಕತ್ತಿನ ಹಿಂದೆ ಬಿಸಿಯಾಗಿ, ಅಂಗೈಗಳಲ್ಲಿ ತಣ್ಣಗಾಗಿ. ಆ ಬೆಳಿಗ್ಗೆ ಹಾಳೆ ಕಿತ್ತುಕೊಳ್ಳುವ ಮೊದಲು, "ನಾನೇನು ಹೇಳಿದೆ, ಹೇಳು ನೋಡೋಣ," ಎಂದು ಒಂದು ಮಾತು ಕೇಳಿದ್ದರೆ ಸಾಕಿತ್ತು. ಕೇಳಲಿಲ್ಲ. ಜೀವಮಾನವೆಲ್ಲ ಕೇಳುವುದೇ ಪೂಜೆ ಎಂದುಕೊಂಡವರು ಆ ಒಂದನ್ನು ಕೇಳಲಿಲ್ಲ. ತನ್ನ ದನಿ ಏರಿದಾಗ ಏರಿ, ಇಳಿದಾಗ ಇಳಿದ ಆ ಪೆನ್ಸಿಲಿನ ಸದ್ದು ಈಗ ಮತ್ತೆ ಕಿವಿಗೆ ಬಂತು. ಈ ಶಾಲೆಗೆ ಸೇರಿದಾಗಿನಿಂದ ಅಷ್ಟು ಹತ್ತಿರದಿಂದ ಅವರ ಪದ್ಯವನ್ನು ಹಿಂಬಾಲಿಸಿದವರು ಇನ್ನೊಬ್ಬರಿರಲಿಲ್ಲ. ಅದಕ್ಕೆ ಇರುವೆ ಎಂದು ಹೆಸರಿಟ್ಟರು. ಆಮೇಲೆ ಸಭೆಯಲ್ಲಿ, ಅವಳ ಅಮ್ಮನ ಎದುರಿಗೆ, "ಕೈ!" ಎಂದರು. ಅದನ್ನು ನೆನೆದಾಗ ಅವರು ನಿಜವಾಗಿ ಮುಖ ಮುಚ್ಚಿಕೊಂಡರು.

ಮರುದಿನ ಹುಡುಗಿ ಶಾಲೆಗೆ ಬರಲಿಲ್ಲ. ಸ್ಟಾಫ್ ರೂಮಿನಲ್ಲಿ ಲೆಕ್ಕದ ಮೇಷ್ಟ್ರು, "ನಾನು ಹೇಳ್ಲಿಲ್ವಾ, ಸೊಕ್ಕು ಅಂತ?" ಎಂದರು.

"ಸೊಕ್ಕು ನನ್ನದು ಮೇಷ್ಟ್ರೇ," ಎಂದರು ಪದ್ಯದ ಟೀಚರು. ಮೇಷ್ಟ್ರು ತಮಾಷೆಯೆಂದುಕೊಂಡು ನಕ್ಕರು.

ಸಂಜೆ ಬೆಳಕಿರುವಾಗಲೇ ಅವರು ಟೈಲರಮ್ಮನ ಅಂಗಡಿ ಹುಡುಕಿಕೊಂಡು ಹೋದರು. ಕಿರಿದಾದ ರಸ್ತೆ, ಒಂದು ಬೀಗ ರಿಪೇರಿ ಅಂಗಡಿ, ಅದರ ಪಕ್ಕ ಮೂರು ಮೆಟ್ಟಿಲು. ಬಾಗಿಲಲ್ಲಿ ಹೊಲಿದ ಬಟ್ಟೆಗಳು ತೂಗುತ್ತಿದ್ದುದರಿಂದ ಒಳಗಿನವರಿಗೆ ಹೊರಗಿನವರು ಕಾಣುತ್ತಿರಲಿಲ್ಲ. ಮೆಟ್ಟಿಲಿಗೆ ಕಾಲಿಟ್ಟವರು ಹಾಗೇ ನಿಂತರು.

ಒಳಗೆ ಮಷೀನು ಓಡುತ್ತಿತ್ತು. ಅದರ ಸದ್ದಿನ ಮೇಲೆ ಒಂದು ದನಿ, ನೀರಿನ ಮೇಲೆ ದೋಣಿ ತೇಲಿದ ಹಾಗೆ.

ದೊರೆಯದಾದರೆ ದಡವು ನನ್ನಯ
ಕೊರಳ ಕೂಗನು ಯಾರು ಕೇಳ್ವರು
ಹರಿವ ನೀರಿಗೆ ಕಿವಿಯು ಕಾಣದು ಕರೆಯಲಾರೆನು ನಾ

ಎಲ್ಲೂ ತಡೆಯಿಲ್ಲ. ಅಜ್ಜನಿಗೂ ಕೊನೆಯ ಸಾಲಿನಲ್ಲಿ ಉಸಿರು ಸಾಲುತ್ತಿರಲಿಲ್ಲ; ಇವಳು 'ಕರೆಯಲಾರೆನು' ಎನ್ನುವಲ್ಲಿ ದನಿ ಎತ್ತದೆ, ಬಿಟ್ಟುಕೊಟ್ಟವಳಂತೆ ಇಳಿಸಿ, ದಾಟಿಬಿಟ್ಟಳು. ತೂಗುವ ಬಟ್ಟೆಗಳ ಸಂದಿಯಿಂದ ಟೀಚರು ನೋಡಿದರು. ಈ ಸಲ ಕಣ್ಣು ಮುಚ್ಚಲಿಲ್ಲ. ಹುಡುಗಿ ನೆಲದ ಮೇಲೆ ಕೂತಿದ್ದಳು. ತೊಡೆಯ ಮೇಲೆ ಒಂದು ಕಪ್ಪು ಚೂರು ಬಟ್ಟೆ, ಕೈಯಲ್ಲಿ ಅಳತೆಗೆ ಗುರುತು ಹಾಕುವ ಸೀಮೆಸುಣ್ಣ. ಬಿಳಿ ಸುರುಳಿಗಳು, ಚುಕ್ಕಿಗಳು, ಬಾಲಗಳು ಬಟ್ಟೆಯ ಮೇಲೆ ತಾವಾಗಿ ಓಡುತ್ತಿದ್ದವು. ಅವಳು ಅವುಗಳ ಕಡೆ ನೋಡುತ್ತಲೂ ಇರಲಿಲ್ಲ.

ಮುಂದಿನ ಪದ್ಯಕ್ಕೆ ಅವಳು ಉಸಿರೆಳೆದುಕೊಳ್ಳುವಾಗ ಟೀಚರ ಭುಜ ತಾಗಿ ಒಂದು ಹ್ಯಾಂಗರು ಕೆಳಗೆ ಬಿತ್ತು. ಮಷೀನು ನಿಂತಿತು. ಹುಡುಗಿ ತಲೆ ಎತ್ತಿದಳು. ಸೀಮೆಸುಣ್ಣ ಹಿಡಿದ ಕೈ ಬಟ್ಟೆಯ ಕೆಳಗೆ ಹೋಯಿತು.

ಆ ಕೈ ಅಡಗಿಕೊಂಡದ್ದನ್ನು ನೋಡುವುದು ಟೀಚರಿಗೆ ಎಲ್ಲಕ್ಕಿಂತ ಕಷ್ಟವಾಯಿತು.

"ಬನ್ನಿ ಟೀಚರ್," ಎಂದರು ಟೈಲರಮ್ಮ. ಸ್ಟೂಲಿನ ಮೇಲಿದ್ದ ಬಟ್ಟೆ ಎತ್ತಿಟ್ಟರು. ಟೀಚರು ಕೂರಲಿಲ್ಲ.

"ನಾನು ತಪ್ಪು ಒಪ್ಕೊಳ್ಳೋಕೆ ಬಂದೆ."

"ನಿಮ್ಮ ಮೇಲೆ ನನಗೇನೂ ಸಿಟ್ಟಿಲ್ಲ ಟೀಚರ್," ಎಂದವರು ಸೂಜಿಗೆ ನೂಲು ಏರಿಸುತ್ತ ಒಂದು ಕ್ಷಣ ತಡೆದರು. "ಸಿಟ್ಟಿದೆ. ಇಲ್ಲ ಅಂದ್ರೆ ಸುಳ್ಳಾಗುತ್ತೆ. ಇವಳು ಈ ಮಷೀನಿನ ಕೆಳಗೇ ಬೆಳೆದೋಳು. ಕೈಗೆ ಏನಾದ್ರೂ ಇದ್ರೇನೇ ಕಿವಿ ತೆರೆಯೋದು. ಒಂದು ಮಾತು ನನ್ನ ಕೇಳಿದ್ರೆ ಹೇಳ್ತಿದ್ದೆ. ಈಗ ಮನೇಲಿ ಊಟಕ್ಕೆ ಕೂತ್ರೂ ಕೈ ಕಟ್ಕೊಂಡೇ ಇರ್ತಾಳೆ, 'ತಿನ್ನೇ' ಅಂತ ನಾನು ಹೇಳೋವರೆಗೂ."

 ಟೀಚರು ಹುಡುಗಿಯ ಎದುರಿಗೆ, ನೂಲಿನ ತುಣುಕುಗಳ ನಡುವೆ ನೆಲದ ಮೇಲೇ ಕೂತರು.

"ಮಗು, ತಪ್ಪು ನಂದು. ನೀನು ಕೇಳ್ತಿದ್ದೆ. ನನಗೆ ಗೊತ್ತಾಗ್ಲಿಲ್ಲ. ಆ ಹೆಸರು ನಾನೇ ಇಟ್ಟಿದ್ದು, ನಾಳೆ ಕ್ಲಾಸಲ್ಲಿ ಎಲ್ಲರ ಮುಂದೆ ನಾನೇ ತೆಗೀತೀನಿ. ಇನ್ನು ಎಲೆ ಇಲ್ಲ. ಗೀಚ್ಕೊಂಡೇ ಕೂತ್ಕೋ. ಬರ್ತೀಯಲ್ಲ?"

ಹುಡುಗಿ ಅಮ್ಮನನ್ನು ನೋಡಿದಳು. ಟೈಲರಮ್ಮ ಏನೂ ಸನ್ನೆ ಮಾಡಲಿಲ್ಲ.

"ಬರ್ತೀನಿ ಟೀಚರ್."

ಟೀಚರಿಗೆ ಎದೆಯಿಂದ ಒಂದು ಭಾರ ಇಳಿದಂತಾಯಿತು. ಅದು ಇಳಿದ ಜಾಗಕ್ಕೆ ಹಳೆಯ ಆಸೆ ತಟ್ಟನೆ ಬಂದು ಕೂತಿತು. ಈಗ ತಾನೇ ಕೇಳಿದ ದನಿ ಇನ್ನೂ ಕಿವಿಯಲ್ಲಿತ್ತು. ಅಜ್ಜನ ಪದ್ಯ, ಅಜ್ಜನಿಗಿಂತ ಚೆನ್ನಾಗಿ. ಕೇಳಬಾರದಿತ್ತು. ಆದರೂ ಮುಂದಕ್ಕೆ ಬಾಗಿ, ಬೇಡುವವರಂತೆ ಕೇಳಿಯೇಬಿಟ್ಟರು.

"ಹಾಗಾದ್ರೆ ಮುಂದಿನ ಪದ್ಯ ಹೇಳಮ್ಮ. ನಿಲ್ಲಿಸಿದೆಯಲ್ಲ, ಅಲ್ಲಿಂದ. ಒಂದೇ ಒಂದು. ನನಗೋಸ್ಕರ."

ಹುಡುಗಿ ಬಟ್ಟೆಯ ಕೆಳಗಿನಿಂದ ಕೈ ಹೊರಗೆ ತೆಗೆದಳು. ಸೀಮೆಸುಣ್ಣವನ್ನು ಅಮ್ಮನ ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕಿದಳು. ಮೊದಲ ಸಲ ಟೀಚರ ಮುಖವನ್ನು ನೇರವಾಗಿ ನೋಡಿದಳು.

"ಇಲ್ಲ ಟೀಚರ್. ನಿಮಗೆ ಹೇಳಲ್ಲ."